ಎಚ್‌ಎಸ್‌ಆರ್‌ನಲ್ಲಿ ಲ್ಯಾಪ್‌ಟಾಪ್ ಬಿಚ್ಚುವವರಿಗೆ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಕೂತು ಕೆಲಸ ಮಾಡುವ ಜಾಗಕ್ಕೆ ಬರವಿಲ್ಲ. ಬರ ಇರುವುದು ಫೋನಿನಲ್ಲಿ ಮಾತಾಡುವ ಜಾಗಕ್ಕೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡು ಹುಡುಕಿದರೆ ದುಡ್ಡೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಶಿವಮೊಗ್ಗದಲ್ಲಿ ಮನೆಯಿಂದಲೇ ಕೆಲಸ ಮಾಡುವ ಗೆಳೆಯ ತಿಂಗಳ ಮಟ್ಟಿಗೆ ಎಚ್‌ಎಸ್‌ಆರ್‌ನಲ್ಲಿರುವ ಅಕ್ಕನ ಮನೆಗೆ ಹೋಗುವವನಿದ್ದಾನೆ. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು, ಹಾಲ್‌ನಲ್ಲಿ ಟಿವಿ. "ಗಲ್ಲಿಗೊಂದು ಕೋವರ್ಕಿಂಗ್ ಇದೆಯಂತಲ್ಲ ಮಾರಾಯ, ಯಾವುದಕ್ಕೆ ಹೋಗಲಿ?" ಅಂದ. ಕಳೆದ ಮಳೆಗಾಲದಲ್ಲಿ ನಾನು ಅಲ್ಲೇ ಕೆಲವು ವಾರ ಅಲೆದಿದ್ದೆ. ಅವನಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲು ತಲುಪುವ ವಿಚಾರ. ಮೆಜೆಸ್ಟಿಕ್‌ನಲ್ಲಿ ಇಳಿದವರು ಹಸಿರು ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ ಸೆಂಟ್ರಲ್ ಸಿಲ್ಕ್ ಬೋರ್ಡ್‌ನಲ್ಲಿ ಇಳಿಯಿರಿ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ಶುರುವಾದಾಗ ರೈಲು ಬರುತ್ತಿದ್ದುದು 25 ನಿಮಿಷಕ್ಕೊಂದು. ರೈಲುಗಳು ಸೇರುತ್ತ ಹೋದಂತೆ ಕಾಯುವ ಹೊತ್ತು ಇಳಿಯಿತು. ಎಷ್ಟೇ ಕಾದರೂ ಪರವಾಗಿಲ್ಲ, ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಾರೊಳಗೆ ಕೂರುವುದಕ್ಕಿಂತ ವಾಸಿ. ಸ್ಟೇಷನ್‌ನಿಂದ ಒಳಗಿನ ಸೆಕ್ಟರ್‌ಗಳಿಗೆ ಇನ್ನೂ ಎರಡು ಮೂರು ಕಿಲೋಮೀಟರ್ ಇದೆ. ಆಟೋದವರ ಜೊತೆ ಕನ್ನಡದಲ್ಲೇ ಮಾತು ಶುರು ಮಾಡಿ. ರೇಟು ಇಳಿಯುತ್ತದೆಂಬ ಭರವಸೆ ಕೊಡಲಾರೆ, ದಾರಿಯಂತೂ ಸರಿಯಾಗಿ ಹೇಳುತ್ತಾರೆ. ದಾರಿ ಯಾಕೆ ಮುಖ್ಯವೆಂದರೆ, ಇಲ್ಲಿರುವುದು ಏಳು ಸೆಕ್ಟರ್, ಒಂದೇ ನಂಬರಿನ ಕ್ರಾಸ್ ಹಲವು ಸೆಕ್ಟರ್‌ಗಳಲ್ಲಿ ಬರುತ್ತದೆ. ವಿಳಾಸದಲ್ಲಿ ಸೆಕ್ಟರ್ ಇಲ್ಲದಿದ್ದರೆ ಹೊರಡಲೇಬೇಡಿ.

ಇದರಿಂದಲೇ ನನ್ನ ಮೊದಲ ಸಲಹೆ: ಆ್ಯಪ್‌ನಲ್ಲಿ ಹೆಚ್ಚು ಸ್ಟಾರ್ ಬಿದ್ದ ಜಾಗವನ್ನು ಹುಡುಕಬೇಡಿ, ಉಳಿದುಕೊಂಡ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಿದೆ ನೋಡಿ. ಏಳನೇ ಸೆಕ್ಟರ್‌ನಲ್ಲಿ ಮಲಗಿ ಎದ್ದವರು ಒಂದನೇ ಸೆಕ್ಟರ್‌ನ ಚೆಂದದ ಆಫೀಸಿಗೆ ಹೋಗಿ ಬರುವುದರಲ್ಲೇ ಸುಸ್ತಾಗುತ್ತಾರೆ. ಫುಟ್‌ಪಾತ್ ಇದ್ದಲ್ಲಿ ಬೈಕ್ ನಿಂತಿರುತ್ತದೆ, ಬೈಕ್ ಇಲ್ಲದಲ್ಲಿ ಚಪ್ಪಡಿ ಎದ್ದಿರುತ್ತದೆ. ಮಳೆ ಬಂದರೆ ಕೇಳುವುದೇ ಬೇಡ.

ಕೋವರ್ಕಿಂಗ್‌ನವರಲ್ಲಿ ಬಿಹೈವ್‌ನಂಥ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿಗಳಿವೆ, ಮನೆಯ ಮೇಲಿನ ಮಹಡಿಯನ್ನೇ ಆಫೀಸು ಮಾಡಿಕೊಂಡ ಸಣ್ಣವರೂ ಇದ್ದಾರೆ. ಮೈಎಚ್‌ಕ್ಯೂನಂಥ ಆ್ಯಪ್‌ಗಳಲ್ಲಿ ಒಂದು ದಿನದ ಪಾಸ್ ಸಿಗುತ್ತದೆ. ನಾನು ಹೋದಾಗ ಡೇ ಪಾಸ್ ನಾಲ್ಕುನೂರರಿಂದ ಏಳುನೂರರ ಆಸುಪಾಸಿನಲ್ಲಿತ್ತು, ಈಗ ಹೆಚ್ಚಿರಲೂಬಹುದು. ಬೋರ್ಡಿನಲ್ಲಿ ಬರೆದ ದರದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಅದನ್ನು ಬಿಲ್ ಬರುವ ತನಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಾರಕ್ಕೆ ಎರಡು ಮೂರು ದಿನದ ಕೆಲಸವಾದರೆ ಡೇ ಪಾಸ್ ಸಾಕು. ತಿಂಗಳ ಸೀಟಿಗೆ ಡಿಪಾಸಿಟ್ ಕೇಳುತ್ತಾರೆ, ವಾಪಸು ಕೊಡುವಾಗ ನೋಟಿಸ್ ಪೀರಿಯಡ್ ಎನ್ನುತ್ತಾರೆ. ಒಂದೇ ತಿಂಗಳು ಇರುವವರಿಗೆ ಆ ರಗಳೆ ಬೇಡ.

ಈಗ ಮಾತಾಡುವ ಜಾಗದ ಕಥೆ. ನಾನು ಮೊದಲು ಕೂತ ಕಡೆ, ಹೆಸರು ಬೇಡ, ಫೋಟೊದಲ್ಲಿ ಎಲ್ಲವೂ ಇತ್ತು: ಹಸಿರು ಗಿಡ, ಬೀನ್ ಬ್ಯಾಗ್, ಗೋಡೆ ಮೇಲೆ ಉತ್ಸಾಹ ತುಂಬುವ ಇಂಗ್ಲಿಷ್ ಬರಹ. ಇಡೀ ಮಹಡಿಗೆ ಫೋನ್ ಬೂತ್ ಮಾತ್ರ ಎರಡು. ಅದರಲ್ಲೊಂದರೊಳಗೆ ಯಾರೋ ಚಾರ್ಜರ್, ನೀರಿನ ಬಾಟಲಿ, ಜಾಕೆಟ್ ಇಟ್ಟು ಬೆಳಗ್ಗೆಯಿಂದ ಸಂಸಾರ ಹೂಡಿದ್ದರು. ಇನ್ನೊಂದರ ಫ್ಯಾನ್ ಕೆಟ್ಟಿತ್ತು. ಬಾಗಿಲು ಹಾಕಿಕೊಂಡರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಹತ್ತು ನಿಮಿಷದಲ್ಲಿ ಬೆವರಿ, ಕ್ಯಾಮೆರಾ ಆಫ್ ಮಾಡಿ, ಬಾಗಿಲನ್ನು ಕಾಲಿನಿಂದ ಅರ್ಧ ತೆರೆದು ಹಿಡಿದು ಮಾತಾಡಿದೆ. ಹೊರಗೆ ಬಂದು ಮೀಟಿಂಗ್ ರೂಮ್ ಕೇಳಿದರೆ ರಿಸೆಪ್ಷನ್ ಹುಡುಗ, "ಡೇ ಪಾಸ್‌ಗೆ ಅದು ಬರಲ್ಲ ಸರ್, ಕ್ರೆಡಿಟ್ಸ್ ತಗೋಬೇಕು" ಅಂದ. ಕ್ರೆಡಿಟ್ ಅಂದರೆ ದುಡ್ಡೇ, ಬೇರೆ ವೇಷ. ಅರ್ಧ ಗಂಟೆಗೆ ಲೆಕ್ಕ, ಮೂವತ್ತೊಂದನೇ ನಿಮಿಷಕ್ಕೆ ಇನ್ನರ್ಧ ಗಂಟೆ ಸೇರುತ್ತದೆ. 'ದಿನದ 24 ಗಂಟೆ' ಎಂಬ ಬೋರ್ಡೂ ಅಲ್ಲಿತ್ತು. ಸಂಜೆ ಏಳಾದ ಮೇಲೆ ಎಸಿ ನಿಲ್ಲುತ್ತದೆ, ಕಿಟಕಿ ತೆಗೆಯಲು ಬರುವುದಿಲ್ಲ ಎಂಬುದು ಆ ಬೋರ್ಡಿನಲ್ಲಿರಲಿಲ್ಲ. ಅಮೆರಿಕದವರ ಜೊತೆ ರಾತ್ರಿ ಕಾಲ್ ಇರುವವರು ಇದನ್ನು ಒತ್ತಿ ಕೇಳಿ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಒಳಗೆ ಹೋಗಿ ನೋಡಿ. ಯಾರೂ ಬೇಡ ಎನ್ನುವುದಿಲ್ಲ, ಟೂರ್ ಅಂತ ಖುಷಿಯಿಂದ ಕರೆದೊಯ್ಯುತ್ತಾರೆ. ಬೀನ್ ಬ್ಯಾಗ್ ತೋರಿಸುವಾಗ ತಲೆ ಆಡಿಸಿ, ಆಮೇಲೆ ಬೂತಿನೊಳಗೆ ಹೊಕ್ಕು ಬಾಗಿಲು ಹಾಕಿ, ಮನೆಗೊಂದು ಫೋನ್ ಮಾಡಿ. ಬೇಕಿದ್ದು ಅಷ್ಟರಲ್ಲೇ ಗೊತ್ತಾಗುತ್ತದೆ. ಕರೆಂಟ್ ಹೋದಾಗ ಜನರೇಟರ್ ಶುರುವಾಗುವ ಆ ಒಂದರೆಕ್ಷಣ ವೈಫೈ ಕೂಡ ಬೀಳುತ್ತದೆಯೇ ಎಂದೂ ಕೇಳಿ. ರೂಟರ್‌ಗೆ ಯುಪಿಎಸ್ ಇಲ್ಲದ ಕಡೆ ಪ್ರತಿ ಸಲವೂ ಕಾಲ್ ಕಟ್ಟಾಗುತ್ತದೆ. ಉತ್ತರವನ್ನು ರಿಸೆಪ್ಷನ್‌ನಲ್ಲಿ ಕೇಳುವುದಕ್ಕಿಂತ ಅಲ್ಲೇ ಕೂತು ಕೆಲಸ ಮಾಡುತ್ತಿರುವವರ ಹತ್ತಿರ ಕೇಳುವುದು ಒಳ್ಳೆಯದು.

ಕೆಫೆಗಳ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. 27ನೇ ಮೇನ್ ರಸ್ತೆಯಲ್ಲಿ ಬೇಕಾದಷ್ಟಿವೆ, ಹೆಚ್ಚಿನ ಕಡೆ ಬೆಳಗ್ಗೆ ಹನ್ನೊಂದರವರೆಗೆ ಬರೆಯಲು, ಓದಲು ಚೆನ್ನಾಗಿರುತ್ತದೆ. ಆಮೇಲೆ ಕಾಫಿ ಬೀಜ ಪುಡಿ ಮಾಡುವ ಯಂತ್ರ, ಹಾಡು, ಪಕ್ಕದ ಮೇಜಿನಲ್ಲಿ ಹೂಡಿಕೆದಾರರಿಗೆ ಕಂಪನಿ ಮಾರುತ್ತಿರುವ ಹುಡುಗರು. ಅಲ್ಲಿ ಕೂತು ಕಾಲ್ ಮಾಡಿದರೆ ನಿಮ್ಮ ಕಂಪನಿಯ ಗುಟ್ಟು ಅರ್ಧ ಎಚ್‌ಎಸ್‌ಆರ್‌ಗೆ ಗೊತ್ತಾದಂತೆಯೇ. ಪ್ಲಗ್ ಪಾಯಿಂಟ್ ಇರುವ ಮೇಜು ಗೋಡೆ ಬದಿಯ ಒಂದೆರಡೇ. ಊಟದ ಹೊತ್ತಿನಲ್ಲಿ ಒಂದು ಕಾಫಿ ಹಿಡಿದು ನಾಲ್ಕು ಜನರ ಮೇಜು ಆಕ್ರಮಿಸಬೇಡಿ. ಶನಿವಾರ, ಭಾನುವಾರ ಆ ಕಡೆ ತಲೆಯೇ ಹಾಕಬೇಡಿ.

ಸಾರ್ವಜನಿಕ ಗ್ರಂಥಾಲಯ ಶಾಂತವಾಗಿರುತ್ತದೆ, ಪುಕ್ಕಟೆ ಬೇರೆ, ಆದರೆ ಕರ್ನಾಟಕದಲ್ಲಿ ಸೋಮವಾರ ಅದಕ್ಕೆ ರಜೆ, ಮತ್ತು ಅದು ಪೇಪರ್, ಪುಸ್ತಕ ಓದುವವರ ಜಾಗ. ಪ್ಲಗ್ ಪಾಯಿಂಟ್ ಹುಡುಕಿಕೊಂಡು ಅಲ್ಲಿಗೆ ಹೋಗುವುದು ತರವಲ್ಲ.

ಊಟಕ್ಕೆ ಕೋವರ್ಕಿಂಗ್‌ನ ಪ್ಯಾಂಟ್ರಿ ನಂಬಬೇಡಿ; ಅಲ್ಲಿರುವುದು ಬಿಸ್ಕತ್ತು ಮತ್ತು ಬಟನ್ ಒತ್ತಿದರೆ ಬರುವ ಸಿಹಿ ಕಾಫಿ. ಬಿಡಿಎ ಕಾಂಪ್ಲೆಕ್ಸ್ ಸುತ್ತಮುತ್ತ ಹೋಗಿ ದರ್ಶಿನಿಯಲ್ಲಿ ನಿಂತು ತಿನ್ನಿ, ಅರ್ಧ ಗಂಟೆಯಲ್ಲಿ ವಾಪಸಾಗಬಹುದು. ಸಂಜೆ ಕಣ್ಣು ಉರಿದರೆ ಅಗರ ಕೆರೆ ಇದೆ. ಏರಿಯ ಮೇಲೆ ಒಂದು ಸುತ್ತು ಹಾಕಿ, ಹತ್ತಿರದ ಜಗನ್ನಾಥ ದೇವಸ್ಥಾನವನ್ನೂ ನೋಡಿ ಬರಬಹುದು. ಹೊರವರ್ತುಲ ರಸ್ತೆಯ ನೀಲಿ ಮಾರ್ಗ ಓಡಲು ಶುರುವಾದರೆ ಅಗರಕ್ಕೂ ಒಂದು ಸ್ಟೇಷನ್ ಸಿಗುತ್ತದೆ; ಅಲ್ಲಿಯವರೆಗೆ ಆ ರಸ್ತೆ ದಾಟುವುದೇ ಒಂದು ವ್ಯಾಯಾಮ.

ಭಾನುವಾರ ಡೇ ಪಾಸ್ ಕೊಡದ ಕಡೆಗಳೇ ಹೆಚ್ಚು, ಶನಿವಾರ ಕೆಲವರು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ. ಆ್ಯಪ್ ತೆರೆದಿದೆ ಅಂದರೂ ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿಕೊಂಡು ಹೊರಡಿ.