ತೂಕ ಏರಿತೆಂದು ಮಾತ್ರೆ ಬಿಡಬೇಡಿ

ಎಚ್‌ಐವಿಗೆ ಎಆರ್‌ಟಿ ಮಾತ್ರೆ ಶುರು ಮಾಡಿದ ಕೆಲವು ತಿಂಗಳಲ್ಲೇ ರವಿಕೆ ಬಿಗಿಯಾಗುತ್ತದೆ, ಪ್ಯಾಂಟಿನ ಗುಂಡಿ ಹಾಕಲು ಬರುವುದಿಲ್ಲ. ಕಾಯಿಲೆಯಿಂದ ಸೊರಗಿದ್ದವರಿಗೆ ಇದು ಒಳ್ಳೆಯ ಸುದ್ದಿಯೇ. ಕೆಲವರಲ್ಲಿ ಮಾತ್ರ ಏರಿಕೆ ಅಲ್ಲಿಗೇ ನಿಲ್ಲದು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಈಗ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ; ಅದನ್ನು ತೆಗೆದುಕೊಳ್ಳುವವರ, ಅದರಲ್ಲೂ ಹೆಂಗಸರ ತೂಕ ಏರುವುದನ್ನು ದಕ್ಷಿಣ ಆಫ್ರಿಕಾದ ಅಧ್ಯಯನವೂ ಕಂಡಿದೆ. ನಿಮ್ಮದೇ ತಪ್ಪೆಂದು ಕೊರಗಬೇಡಿ. ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ, ವೈರಸ್ ಮತ್ತೆ ತಲೆ ಎತ್ತುತ್ತದೆ.

ಪ್ರತಿ ಭೇಟಿಯಲ್ಲೂ ತೂಕ ಬರೆಸಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ತಟ್ಟೆಯಲ್ಲಿ ಅನ್ನ ಒಂದು ಸೌಟು ಇಳಿದು, ಹೆಸರುಕಾಳು, ಸೊಪ್ಪಿನ ಪಲ್ಯ ಹೆಚ್ಚಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆಯೇ? ಡೊಲುಟೆಗ್ರಾವಿರ್ ರಕ್ತದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸುತ್ತದೆ, ಮೆಟ್‌ಫಾರ್ಮಿನ್ ಡೋಸ್ ತಗ್ಗಿಸಬೇಕಾಗಬಹುದು. ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲು ಸಂಕೋಚವಾದರೆ ಚೀಟಿಯನ್ನು ಎಆರ್‌ಟಿ ಕೇಂದ್ರದಲ್ಲಾದರೂ ತೋರಿಸಿ. ಈ ಸಂಕೋಚ ಎಷ್ಟು ಭಾರವೆಂದು ಬಲ್ಲೆ, ಆದರೂ ಹೇಳುತ್ತಿದ್ದೇನೆ.

ಏರುವುದಕ್ಕಿಂತ ನನಗೆ ಭಯ ಇಳಿಯುವ ತೂಕದ್ದು. ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಕೆಮ್ಮು, ಜ್ವರ, ರಾತ್ರಿ ಬೆವರು ಇರಲಿ ಬಿಡಲಿ, ಮುಂದಿನ ತಾರೀಖಿಗೆ ಕಾಯದೆ ಹೋಗಿ ಕ್ಷಯದ ಪರೀಕ್ಷೆ ಮಾಡಿಸಿ.