ಕೋಶಕೇಂದ್ರದ ಬಾಗಿಲುಗಳು

ಜೀವಕೋಶದ ಒಳಗೆ ನ್ಯೂಕ್ಲಿಯಸ್ ಅಥವಾ ಕೋಶಕೇಂದ್ರವೆಂಬ ಭದ್ರ ಕೊಠಡಿಯೊಂದುಂಟು. ವಂಶಗುಣಗಳ ಮೂಲದಾಖಲೆಯಾದ ಡಿ.ಎನ್.ಎ.ಯ ಬಹುಪಾಲು ಅಲ್ಲಿಯೇ ಇದೆ. ಮೂಲದಾಖಲೆಯು ಕೊಠಡಿಯನ್ನು ಬಿಟ್ಟು ಕದಲುವುದಿಲ್ಲ. ಅದರ ನಕಲಾದ ಆರ್.ಎನ್.ಎ. ಮಾತ್ರ ಹೊರಬಂದು, ಪ್ರೋಟೀನುಗಳ ತಯಾರಿಕೆಗೆ ಆಧಾರವಾಗುತ್ತದೆ. ಹೀಗೆ ತಯಾರಾದ ಪ್ರೋಟೀನುಗಳಲ್ಲಿ ಕೆಲವು ಮರಳಿ ಒಳಗೆ ಹೋಗಿ ಕೆಲಸ ಮಾಡಬೇಕು. ಈ ಹೋಗುಬರುವಿಕೆಯು ಕ್ರಮಬದ್ಧವಾಗಿದ್ದರೆ ಆರೋಗ್ಯ. ಕ್ರಮ ತಪ್ಪಿದರೆ ರೋಗಕ್ಕೆ ಎಡೆ.

ಕೋಶಕೇಂದ್ರವನ್ನು ಎರಡು ಪದರಗಳ ಪೊರೆಯು ಆವರಿಸಿದೆ. ಅದರಲ್ಲಿರುವ ರಂಧ್ರಗಳನ್ನು 1950ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಂಬ ವಿಜ್ಞಾನಿಗಳು ಉಭಯಚರಗಳ ಅಂಡಕೋಶಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು. ಸುಮಾರು 30 ಬಗೆಯ ಪ್ರೋಟೀನುಗಳು ಕೂಡಿ ಪ್ರತಿಯೊಂದು ರಂಧ್ರವನ್ನೂ ಒಂದು ಕಾವಲಿನ ಬಾಗಿಲನ್ನಾಗಿ ಮಾಡಿವೆ. ನೀರು, ಲವಣ ಮೊದಲಾದ ಚಿಕ್ಕ ಅಣುಗಳಿಗೆ ಇಲ್ಲಿ ತಡೆಯಿಲ್ಲ. ಹೈಡ್ರೋಜನ್ ಪರಮಾಣುವಿಗಿಂತ ಸುಮಾರು 40,000 ಪಟ್ಟು ಮೀರಿ ತೂಗುವ ಪ್ರೋಟೀನುಗಳಿಗಾದರೋ ರಹದಾರಿ ಬೇಕು.

ಆ ರಹದಾರಿ ಪ್ರೋಟೀನಿನ ಮೈಯಲ್ಲೇ ಬರೆದಿರುತ್ತದೆ. ಎಸ್.ವಿ. 40 ಎಂಬ ವೈರಸ್ಸಿನ ಪ್ರೋಟೀನೊಂದರಲ್ಲಿ ಇದು ಕೇವಲ 7 ಅಮೈನೋ ಆಮ್ಲಗಳ ಸಾಲು ಎಂದು 1984ರಲ್ಲಿ ತಿಳಿದುಬಂದಿತು. ಆ ಸಾಲಿನ ಒಂದೇ ಒಂದು ಲೈಸೀನನ್ನು ಬದಲಿಸಿದಾಗ ಪ್ರೋಟೀನು ಹೊರಗೇ ಉಳಿಯಿತು! ರಹದಾರಿಯನ್ನು ಗುರುತಿಸಿ ಒಳಗೆ ಕರೆದೊಯ್ಯುವ ವಾಹಕಕ್ಕೆ ಇಂಪಾರ್ಟಿನ್ ಎಂದು ಹೆಸರು. ಒಳಗೆ ರಾನ್ ಎಂಬ ಪುಟ್ಟ ಪ್ರೋಟೀನು ಅದರ ಹೊರೆಯನ್ನು ಇಳಿಸುತ್ತದೆ. ಹೊರಗೆ ಸಾಗಿಸುವ ವಾಹಕಗಳು ಎಕ್ಸ್‌ಪೋರ್ಟಿನ್‌ಗಳು.

ಈ ವ್ಯವಸ್ಥೆಯು ಕೆಡುವುದಕ್ಕೆ ಕ್ಯಾನ್ಸರ್ ಒಂದು ನಿದರ್ಶನ. ಕೋಶಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಪಿ 53 ಎಂಬ ಪ್ರೋಟೀನು ಕೋಶಕೇಂದ್ರದಲ್ಲಿದ್ದು ಕೆಲಸ ಮಾಡತಕ್ಕದ್ದು. ಹಲವು ಕ್ಯಾನ್ಸರುಗಳಲ್ಲಿ ಎಕ್ಸ್‌ಪೋರ್ಟಿನ್ 1 ಅತಿಯಾಗಿದ್ದು, ಇಂತಹ ಕಾವಲುಗಾರರನ್ನೇ ಹೊರಗೆ ಸಾಗಿಸಿಬಿಡುತ್ತದೆ. ಈ ವಾಹಕವನ್ನು ಕಟ್ಟಿಹಾಕುವ ಸೆಲಿನೆಕ್ಸರ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೂಳೆಮಜ್ಜೆಯ ಕ್ಯಾನ್ಸರಾದ ಮಲ್ಟಿಪಲ್ ಮೈಲೋಮಾದಲ್ಲಿ, ಇತರ ಔಷಧಗಳು ಫಲಿಸದ ರೋಗಿಗಳಿಗೆ ಅದನ್ನು ಮೊದಲು ಕೊಡಲಾಯಿತು. ಆರೋಗ್ಯವಂತ ಕೋಶಗಳಿಗೂ ಇದೇ ವಾಹಕ ಬೇಕಾದುದರಿಂದ, ವಾಕರಿಕೆ ಮತ್ತು ರಕ್ತದ ಪ್ಲೇಟ್‌ಲೆಟ್‌ಗಳ ಇಳಿಕೆ ಮುಂತಾದ ತೊಂದರೆಗಳನ್ನು ವೈದ್ಯರು ಗಮನಿಸುತ್ತಿರಬೇಕಾಗುತ್ತದೆ.

ಮನೆಮನೆಗೂ ಪರಿಚಿತವಾದ ಇನ್ನೊಂದು ಉದಾಹರಣೆ, ಆಸ್ತಮಾ ಉಲ್ಬಣಿಸಿದಾಗ ಕೊಡುವ ಪ್ರೆಡ್ನಿಸೊಲೋನ್ ಗುಳಿಗೆ. ಈ ಸ್ಟೀರಾಯ್ಡ್ ಔಷಧವು ಕೋಶವನ್ನು ಹೊಕ್ಕು, ಅಲ್ಲಿ ಕಾದಿರುವ ಗ್ರಾಹಕ ಪ್ರೋಟೀನನ್ನು ಕೂಡಿಕೊಳ್ಳುತ್ತದೆ. ಬಳಿಕ ಆ ಗ್ರಾಹಕವು ಬಾಗಿಲು ದಾಟಿ ಒಳಸೇರಿ, ಉರಿಯೂತವನ್ನು ಹೆಚ್ಚಿಸುವ ಆದೇಶಗಳನ್ನು ತಗ್ಗಿಸುತ್ತದೆ. ಇಷ್ಟೆಲ್ಲ ನಡೆಯಲು ಕೆಲವು ಗಂಟೆಗಳು ಬೇಕು. ಆದುದರಿಂದ ಗುಳಿಗೆ ನುಂಗಿದೊಡನೆ ಗುಣ ಕಾಣಲಿಲ್ಲವೆಂದು ತಾವಾಗಿಯೇ ಪ್ರಮಾಣವನ್ನು ಹೆಚ್ಚಿಸುವುದು ಕೂಡದು. ಉಸಿರಾಟದ ತೊಂದರೆ ತೀವ್ರವಾದರೆ, ಗುಳಿಗೆಯ ಗುಣಕ್ಕಾಗಿ ಮನೆಯಲ್ಲಿ ಕಾಯದೆ ರೋಗಿಯನ್ನು ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.