ಕುರ್ಚಿ ತರುವ ಮೊದಲು ಅಳತೆ ಕೊಡು

ತಮ್ಮಾ, ಆಸ್ಪತ್ರೆಯಿಂದ ಬಿಡುವ ದಿನ ಗೊತ್ತಾದ ಕೂಡಲೇ ಮನೆಯವರು ಗಾಲಿಕುರ್ಚಿ ತರಲು ಅಂಗಡಿಗೆ ಓಡುತ್ತಾರೆ. ನಿನ್ನ ಅಣ್ಣನಿಗೂ ಅದೇ ಆತುರ. ಅವನನ್ನು ಸ್ವಲ್ಪ ತಡೆ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗರ ಮನೆಗಳಿಗೆ ನಾನು ಬಹಳ ಕಾಲದಿಂದ ಹೋಗಿಬರುತ್ತಿದ್ದೇನೆ. ಅಂಗಡಿಯ ಮುಂದೆ ನಿಲ್ಲಿಸಿರುವ ಹೊಳೆಯುವ ಮಡಚುಕುರ್ಚಿ ರೋಗಿಯನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗಲು ಸಾಕು. ನೀನು ಅದರಲ್ಲಿ ಕೂತು ಉಣ್ಣಬೇಕು, ದುಡಿಯಬೇಕು, ಮದುವೆ ಮನೆಗೆ ಹೋಗಬೇಕು.

ಅಗಲದ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಸ್ವಲ್ಪ ದೊಡ್ಡದಿದ್ದರೆ ಆರಾಮ ಎಂದು ಅಂಗಡಿಯವನೂ ಹೇಳುತ್ತಾನೆ, ನೆಂಟರೂ ಹೇಳುತ್ತಾರೆ. ಬೆಳೆಯುವ ಹುಡುಗನಿಗೆ ದೊಗಳೆ ಅಂಗಿ ಹೊಲಿಸಿದಂತೆ ಕುರ್ಚಿ ಕೊಳ್ಳಬಾರದು. ಸೀಟಿನ ಅಗಲ ನೀನು ಕೂತಾಗಿನ ಸೊಂಟದ ಅಗಲಕ್ಕೆ ಹೊಂದಬೇಕು. ಹೆಚ್ಚಾದರೆ ಮೈ ಒಂದು ಕಡೆಗೆ ವಾಲುತ್ತದೆ, ಬರುಬರುತ್ತಾ ಬೆನ್ನು ಸೊಟ್ಟಗಾಗುತ್ತದೆ, ಕೈಗೆ ಚಕ್ರ ದೂರವಾಗುತ್ತದೆ. ಇನ್ನು ಮುಂದೆ ಕಾಲಿನ ಕೆಲಸವನ್ನೂ ನಿನ್ನ ಹೆಗಲೇ ಮಾಡಬೇಕು. ಅದನ್ನು ಸವೆಸುವ ಕುರ್ಚಿ ನಿನಗೆ ಬೇಡ. ಸೀಟಿನ ಉದ್ದವೂ ಹಾಗೆಯೇ: ಹಿಂದಕ್ಕೆ ಒರಗಿ ಕೂತಾಗ ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಇರಲಿ. ಪಾದದ ಹಲಗೆ ತೀರ ಮೇಲಿದ್ದರೆ ತೊಡೆ ಎತ್ತಿಹೋಗಿ ಮೈಭಾರವೆಲ್ಲ ಕುಂಡೆಯ ಎಲುಬಿನ ಮೇಲೆ ಬೀಳುತ್ತದೆ. ನಿನ್ನ ಪೆಟ್ಟು ಸೊಂಟದ ಹತ್ತಿರದ್ದು, ನಡು ಗಟ್ಟಿಯಾಗಿದೆ. ಹಾಗಾಗಿ ಬೆನ್ನೊರಗು ಹೆಗಲಿನ ಹಲಗೆಮೂಳೆಯ ಕೆಳಗೇ ನಿಂತರೆ ಸಾಕು, ತೋಳು ಹಿಂದಕ್ಕೆ ಸಲೀಸಾಗಿ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಹುಣ್ಣಿನದು. ಕುಂಡೆಯ ಚರ್ಮ ನೊಂದರೂ ನಿನಗೆ ತಿಳಿಯುವುದಿಲ್ಲ. ಒಳ್ಳೆಯ ಕುರ್ಚಿ ಕೊಂಡು ಕುಶನ್ನಿಗೆ ದುಡ್ಡಿಲ್ಲವೆಂದು ಮನೆಯ ದಿಂಬು ಹಾಕಿಕೊಂಡ ಹುಡುಗರು ಮತ್ತೆ ತಿಂಗಳುಗಟ್ಟಲೆ ಕವುಚಿ ಮಲಗಿದ್ದನ್ನು ಕಂಡಿದ್ದೇನೆ. ಕುಶನ್ ಇಲ್ಲದ ಕುರ್ಚಿಯನ್ನು ಕುರ್ಚಿಯೆಂದೇ ಲೆಕ್ಕಕ್ಕೆ ಹಿಡಿಯಬೇಡ. ಪಾದದ ಹಲಗೆಯ ಎತ್ತರವನ್ನೂ ಕುಶನ್ ಹಾಕಿಯೇ ಹೊಂದಿಸಬೇಕು.

ಕುಶನ್ ಸರಿಯಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ನೀನು ಕುಶನ್ ಮೇಲೆ ಕೂತಿರುವಾಗಲೇ ಅಣ್ಣ ಕುಂಡೆಯ ಮೂಳೆಯ ನೇರ ಕೆಳಗೆ ಬೆರಳು ತೂರಿಸಲಿ. ಬೆರಳ ತುದಿ ಅರ್ಧ ಸೆಂಟಿಮೀಟರಿನಷ್ಟಾದರೂ ಮೇಲೆ ಕೆಳಗೆ ಆಡಿದರೆ ಸರಿ. ಆಡದೆ, ಆದರೂ ಸುಲಭವಾಗಿ ಹೊರಬಂದರೆ ಎಚ್ಚರ. ಬೆರಳು ಸಿಕ್ಕಿಕೊಂಡಿತೋ, ಆ ಕುಶನ್ ಬೇಡವೇ ಬೇಡ. ಎರಡೂ ಕಡೆ ನೋಡಬೇಕು. ನಾಚಿಕೆ ಪಡಬೇಡ, ಅವನಿಗೂ ನಾಚಿಕೆ ಬೇಡ. ಫೋಮ್ ಕಾಲಕ್ರಮೇಣ ಕುಗ್ಗುತ್ತದೆ, ಆದ್ದರಿಂದ ಈ ಪರೀಕ್ಷೆ ಆಗಾಗ ನಡೆಯಲಿ.

ಪಕ್ಕದ ಹಾಸಿಗೆಯ ಹುಡುಗನಿಗೆ ಕತ್ತಿನಲ್ಲಿ ಪೆಟ್ಟಾಗಿದೆಯಲ್ಲ, ಅವನ ಮನೆಯವರಿಗೂ ಒಂದು ಮಾತು ಮುಟ್ಟಿಸು. ಅಷ್ಟು ಮೇಲಿನ ಪೆಟ್ಟಿನವರಿಗೆ ಬಿಗಿಯಾದ ಪಟ್ಟಿ, ಒತ್ತುವ ಅಂಚು, ತಿರುಚಿದ ಮೂತ್ರದ ನಳಿಕೆ ಇವುಗಳಿಂದಲೂ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿಯುವ ನೋವು, ಮುಖದ ಮೇಲೆ ಬೆವರು ಕಂಡರೆ ಅವನನ್ನು ನೆಟ್ಟಗೆ ಕೂರಿಸಿ, ಒತ್ತುತ್ತಿರುವುದನ್ನು ಹುಡುಕಿ ತೆಗೆಯಬೇಕು. ವೈದ್ಯರನ್ನು ಕರೆಯಲು ತಡಮಾಡಬಾರದು.

ಮಡಚುವ ಕುರ್ಚಿಯನ್ನು ರೂಪಿಸಿದವರಲ್ಲಿ ಒಬ್ಬನಾದ ಅಮೆರಿಕದ ಹರ್ಬರ್ಟ್ ಎವರೆಸ್ಟ್ 1918ರಲ್ಲಿ ಗಣಿಯ ಅಪಘಾತದಲ್ಲಿ ಬೆನ್ನು ಮುರಿದುಕೊಂಡವನು. ಇಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ, ಕಾರಿನಲ್ಲಿ ಹಾಕಿಕೊಂಡು ಹೋಗುವಂಥ ಹಗುರ ಕುರ್ಚಿ ಮಾಡಿದ. ತನಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ನೀನೂ ಬಾಯಿಬಿಟ್ಟು ಹೇಳು. ಅಂಗಳದ ಕೆಸರಿನಲ್ಲಿ ಚಿಕ್ಕ ಮುಂಗಾಲಿ ಹೂತುಹೋಗುತ್ತದೆ, ದೊಡ್ಡದು ಕೇಳು. ಹಿಂದಿನ ಚಕ್ರವನ್ನು ಮುಂದಕ್ಕೆ ಸರಿಸಿದರೆ ತಳ್ಳುವುದು ಹಗುರ, ಆದರೆ ಹಿಂದಕ್ಕೆ ಮಗುಚುವ ಅಪಾಯ ಹೆಚ್ಚು. ಅದನ್ನು ಕಲಿತವರ ಎದುರಲ್ಲೇ ಹೊಂದಿಸಿಕೋ.

ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಎ.ಪಿ.ಡಿ.ಯಂಥ ಸಂಸ್ಥೆಗಳಲ್ಲಿ ಇದನ್ನು ತಿಳಿದವರಿದ್ದಾರೆ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಫ್ಲೈ ಕುರ್ಚಿ ಮೈಯಳತೆಗೆ ತಯಾರಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆ ಇದೆ. ಶಿಬಿರದಲ್ಲಿ ಕೊಡುವ ಕುರ್ಚಿಯಾದರೂ ಅಳತೆ ತೆಗೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅದು ಯಾರೋ ಕೊಡುವ ಭಿಕ್ಷೆಯಲ್ಲ.

ಅಳತೆ ಕೊಡಲು ಹೋಗುವಾಗ ಬಚ್ಚಲ ಬಾಗಿಲಿನ ಅಗಲವನ್ನೂ ಹೊಸ್ತಿಲಿನ ಎತ್ತರವನ್ನೂ ಬರೆದುಕೊಂಡು ಹೋಗಿ. 15 ಸೆಂಟಿಮೀಟರ್ ಮೆಟ್ಟಿಲಿಗೆ ಸುಮಾರು 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಮೇಸ್ತ್ರಿಗೆ ಈಗಲೇ ಹೇಳಿಡಿ. ಕುರ್ಚಿ ಬಂದ ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತೇ ಕೂತು, ಇಳಿದ ಮೇಲೆ ಕನ್ನಡಿ ಹಿಡಿದು ಚರ್ಮ ನೋಡಿಕೋ. ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಮತ್ತೆ ಕೂರಬೇಡ. ಹೊಂದಿಸಿಕೊಟ್ಟವರಿಗೆ ಆ ದಿನವೇ ಫೋನ್ ಮಾಡು.